ಬೌಲರ್ ಗುಟ್ಟಿಗೆ ಎಷ್ಟು ರೇಟು?

ಐಪಿಎಲ್ ಸೀಸನ್‌ನಲ್ಲಿ ಒಂದು ಸಂಜೆ ಹನುಮಂತನಗರದ 50 ಅಡಿ ರಸ್ತೆಯ ಯಾವುದಾದರೂ ಟೀ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ಕೇಳಿಸಿಕೊಳ್ಳಿ. ಮ್ಯಾಚ್ ಯಾರು ಗೆಲ್ತಾರೆ ಅನ್ನೋ ಮಾತು ಕಮ್ಮಿ. ಈ ಓವರ್‌ನಲ್ಲಿ ಎಷ್ಟು ರನ್? ಮುಂದಿನ ಬಾಲ್ ವೈಡಾ, ಸಿಕ್ಸಾ? ಮಾತು ಬಂದು ನಿಲ್ಲೋದು ಒಂದೇ ಒಂದು ಬಾಲ್ ಮೇಲೆ. ಆ ಬಾಲ್ ಹೇಗಿರುತ್ತೆ ಅಂತ ಮೊದಲೇ ಗೊತ್ತಿರೋದು ಇಡೀ ಮೈದಾನದಲ್ಲಿ ಒಬ್ಬನಿಗೆ. ಬೌಲರ್‌ಗೆ.

ಆ ಗುಟ್ಟೇ ಬೌಲರ್‌ನ ಬಂಡವಾಳ. 1971ರ ಆಗಸ್ಟ್, ಲಂಡನ್ನಿನ ಓವಲ್ ಮೈದಾನ. ಪೋಲಿಯೊದಿಂದ ಬಲಗೈ ಸೊರಗಿದ್ದ ನಮ್ಮ ಬಿ.ಎಸ್. ಚಂದ್ರಶೇಖರ್ ಅದೇ ಕೈಯಲ್ಲಿ ಬೌಲ್ ಮಾಡ್ತಿದ್ದರು. ಎದುರಿಗೆ ಜಾನ್ ಎಡ್ರಿಚ್. ಓಡಿ ಬರೋ ಹೊತ್ತಿಗೆ ದಿಲೀಪ್ ಸರ್ದೇಸಾಯಿ ಕೂಗಿ ಹೇಳಿದ್ದು ಒಂದು ಕುದುರೆ ಹೆಸರು: ಮಿಲ್ ರೀಫ್. ಆ ವರ್ಷದ ಡರ್ಬಿ ಗೆದ್ದ ಕುದುರೆ ಅದು. ಇವರಿಬ್ಬರ ನಡುವೆ ಅದರರ್ಥ, ವೇಗದ ಬಾಲ್ ಹಾಕು ಅಂತ. ಎಡ್ರಿಚ್ ಬ್ಯಾಟ್ ಕೆಳಗಿಳಿಸೋಕೆ ಮೊದಲೇ ಸ್ಟಂಪ್ ಎಗರಿತ್ತು. ಎಡ್ರಿಚ್ ಸೊನ್ನೆ, ಹಿಂದೆಯೇ ಬಂದ ಫ್ಲೆಚರ್ ಕೂಡ ಸೊನ್ನೆ. ಚಂದ್ರಾ 38 ರನ್‌ಗೆ 6 ವಿಕೆಟ್. ಇಂಗ್ಲೆಂಡ್ 101ಕ್ಕೆ ಆಲೌಟ್. ಇಂಗ್ಲೆಂಡ್ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು.

ರೇಸ್ ಕುದುರೆ ಹೆಸರು ಅವತ್ತು ತಂಡದೊಳಗಿನ ಗುಟ್ಟಿನ ಮಾತಾಗಿತ್ತು, ನೋಡಿ. ಆಮೇಲೆ ಬಾಲೇ ಕುದುರೆ ಆಯ್ತು, ಅದರ ಮೇಲೆ ಬಾಜಿ ಕಟ್ಟೋರು ಬಂದರು.

2000ನೇ ಇಸವಿ ಮಾರ್ಚ್. ನಮ್ಮ ಬೆಂಗಳೂರಿನ ಟೆಸ್ಟ್‌ಗೆ ಬಂದಿದ್ದ ದಕ್ಷಿಣ ಆಫ್ರಿಕಾ ನಾಯಕ ಹ್ಯಾನ್ಸಿ ಕ್ರೋನಿಯೆ ಇಲ್ಲೇ ತನ್ನ ಮೂವರು ಆಟಗಾರರ ಮುಂದೆ ದುಡ್ಡಿನ ಮಾತೆತ್ತಿದ. ತಮಾಷೆ ಅಂದ್ಕೊಂಡು ಅವರು ನಕ್ಕು ಬಿಟ್ಟರು. ನಾಗ್ಪುರದ ಏಕದಿನ ಪಂದ್ಯದ ಹೊತ್ತಿಗೆ ತಮಾಷೆ ಉಳಿದಿರಲಿಲ್ಲ. ಬೌಲರ್ ಹೆನ್ರಿ ವಿಲಿಯಮ್ಸ್ ಹತ್ತು ಓವರ್‌ನಲ್ಲಿ 50ಕ್ಕಿಂತ ಹೆಚ್ಚು ರನ್ ಕೊಡಬೇಕು, ಕೈಗೆ 15 ಸಾವಿರ ಡಾಲರ್. ಆತ 11 ಬಾಲ್ ಹಾಕಿ ಗಾಯ ಮಾಡಿಕೊಂಡು ಹೊರಗೆ ಹೋದ.

ಹತ್ತು ಓವರ್‌ನಿಂದ ಒಂದು ಓವರ್‌ಗೆ ಇಳಿಯೋಕೆ 13 ವರ್ಷ ಸಾಕಾಯ್ತು. 2013ರ ಮೇ, ಮೊಹಾಲಿ. ಸೊಂಟಕ್ಕೆ ಟವೆಲ್ ಸಿಗಿಸಿಕೊಂಡ ಶ್ರೀಶಾಂತ್ ಒಂದು ಓವರ್‌ನಲ್ಲಿ ಇಷ್ಟು ರನ್ ಕೊಡ್ತೀನಿ ಅಂತ ಬುಕ್ಕಿಗಳಿಗೆ ಸನ್ನೆ ಮಾಡಿದ್ರು ಅನ್ನೋದು ದಿಲ್ಲಿ ಪೊಲೀಸರ ಆರೋಪ. ಆ ತಂಡದ ನಾಯಕ ನಮ್ಮ ರಾಹುಲ್ ದ್ರಾವಿಡ್! 2015ರಲ್ಲಿ ಕೋರ್ಟ್ ಶ್ರೀಶಾಂತ್‌ರನ್ನು ಆರೋಪಮುಕ್ತ ಮಾಡಿತು. ಕ್ರಿಕೆಟ್ ಮಂಡಳಿ ಹಾಕಿದ ನಿಷೇಧ ಮಾತ್ರ 2020ರ ತನಕ ನಡೀತು.

ಇದೇನು ಹೊಸ ಕಥೆ ಅಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ನಮ್ಮ ಬೌಲರ್ ಜಾಗದಲ್ಲಿರೋನು ಪಿಚರ್. 1919ರ ವರ್ಲ್ಡ್ ಸೀರೀಸ್‌ನಲ್ಲಿ ಎಡ್ಡಿ ಸಿಕಾಟ್ ಅನ್ನೋ ಪಿಚರ್ ಮೊದಲ ಬ್ಯಾಟರ್‌ನ ಮೈಗೇ ಚೆಂಡು ಹೊಡೆದ. ವ್ಯವಹಾರ ಕುದುರಿದೆ ಅಂತ ಜೂಜುಕೋರರಿಗೆ ಅದೇ ಸಿಗ್ನಲ್. 1921ರಲ್ಲಿ ಜ್ಯೂರಿ ಆಟಗಾರರನ್ನು ನಿರ್ದೋಷಿ ಅಂತು. ಮಾರನೇ ದಿನವೇ ಬೇಸ್‌ಬಾಲ್ ಕಮಿಷನರ್ ಎಂಟೂ ಜನರನ್ನ ಆಜೀವ ನಿಷೇಧಿಸಿದರು. 2025ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಇಬ್ಬರು ಪಿಚರ್‌ಗಳ ಮೇಲೆ ಒಂದೊಂದೇ ಎಸೆತ ಮಾರಿಕೊಂಡ ಆರೋಪ ಬಂತು. ಇಬ್ಬರೂ ಅದನ್ನ ನಿರಾಕರಿಸಿದ್ದಾರೆ. ಅಲ್ಲಿ ಒಂದು ಎಸೆತದ ಮೇಲೆ ಬಾಜಿ ಕಟ್ಟೋದು ಕಾನೂನುಬದ್ಧ, ಕೇಸಾದ ಮೇಲೆ ಅದಕ್ಕೆ 200 ಡಾಲರ್ ಮಿತಿ ಹಾಕಿದರು.

ಈಗ ನಮ್ಮ ಮನೆ ವಿಷಯಕ್ಕೆ ಬರೋಣ. 2019ರ ಆಗಸ್ಟ್ 31, ಮೈಸೂರಿನಲ್ಲಿ ಕೆಪಿಎಲ್ ಫೈನಲ್. ಹುಬ್ಬಳ್ಳಿ ಟೈಗರ್ಸ್ ಗೆದ್ದಿತು, ಬಳ್ಳಾರಿ ಟಸ್ಕರ್ಸ್ ಸೋತಿತು. ನವೆಂಬರ್‌ನಲ್ಲಿ ಬೆಂಗಳೂರು ಸಿಸಿಬಿ ಪೊಲೀಸರು ಬಳ್ಳಾರಿ ತಂಡದ ನಾಯಕ ಸಿ.ಎಂ. ಗೌತಮ್ ಮತ್ತು ಅಬ್ರಾರ್ ಖಾಜಿಯನ್ನು ಬಂಧಿಸಿದರು. ನಿಧಾನವಾಗಿ ಆಡೋಕೆ 20 ಲಕ್ಷ ಅಂತ ಆರೋಪ. ಅದಕ್ಕೂ ಮುಂಚೆ ಬೆಳಗಾವಿ ತಂಡದ ಮಾಲೀಕರು, ಬೆಂಗಳೂರು ತಂಡದ ಬೌಲಿಂಗ್ ಕೋಚ್ ಬಂಧನ ಆಗಿತ್ತು. ಬೌಲಿಂಗ್ ಕೋಚ್, ಗಮನಿಸಿ! ನಮ್ಮ ಟಿವಿಗಳಲ್ಲಿ ವಾರಗಟ್ಟಲೆ ಅದೇ ಬ್ರೇಕಿಂಗ್ ನ್ಯೂಸ್.

2022ರ ಜನವರಿ 10ರಂದು ನ್ಯಾಯಮೂರ್ತಿ ಶ್ರೀನಿವಾಸ್ ಹರೀಶ್ ಕುಮಾರ್ ಅವರ ಪೀಠ ತೀರ್ಪು ಕೊಟ್ಟಾಗ ಎಷ್ಟು ಚಾನೆಲ್ ಅಷ್ಟೇ ಹೊತ್ತು ಚರ್ಚೆ ಮಾಡಿದವು? ಹೈಕೋರ್ಟ್ ಹೇಳಿದ್ದು ಇಷ್ಟು: ಪ್ರೇಕ್ಷಕ ತಾನೇ ಇಷ್ಟಪಟ್ಟು ಟಿಕೆಟ್ ಕೊಂಡಿದ್ದಾನೆ. ಫಿಕ್ಸಿಂಗ್‌ನಿಂದ ಅವನಿಗೆ ಮೋಸ ಆಯ್ತು ಅಂತ ಅನಿಸಬಹುದು, ಆದರೆ ಐಪಿಸಿ 420ರ ವಂಚನೆಗೆ ಬೇಕಾದ ಅಂಶಗಳು ಇದರಲ್ಲಿಲ್ಲ. ಇದು ಆಟಗಾರನ ಅಪ್ರಾಮಾಣಿಕತೆ, ಅಶಿಸ್ತು. ಕ್ರಮ ತಗೋಬೇಕಾದ್ದು ಬಿಸಿಸಿಐ. ಇನ್ನೊಂದು ಮಾತು ಕೇಳಿ. ಕರ್ನಾಟಕ ಪೊಲೀಸ್ ಕಾಯ್ದೆಯ ಜೂಜಿನ ವ್ಯಾಖ್ಯೆಯಿಂದ ಕ್ರೀಡೆಯನ್ನ ಹೊರಗಿಟ್ಟಿದ್ದಾರೆ. ಕ್ರಿಕೆಟ್ ಕ್ರೀಡೆ. ಹಾಗಾಗಿ ಬೆಟ್ಟಿಂಗ್ ನಡೆದರೂ ಅದು ಆ ವ್ಯಾಖ್ಯೆಯೊಳಗೆ ಬರಲ್ಲ. ಗೌತಮ್, ಖಾಜಿ ಸೇರಿ ಅರ್ಜಿ ಹಾಕಿದವರ ಮೇಲಿನ ಕೇಸು ರದ್ದಾಯ್ತು.

ತೀರ್ಪು ಸಿಟ್ಟು ತರಿಸಬಹುದು. ನನಗೂ ತರಿಸಿತ್ತು. ಆದರೆ ಓದಿದ ಮೇಲೆ ಅನಿಸಿದ್ದು, ಕಾನೂನೇ ಬರೆಯದ ಅಪರಾಧಕ್ಕೆ ಕೋರ್ಟ್ ಎಲ್ಲಿಂದ ಶಿಕ್ಷೆ ತರಬೇಕು? ಫಿಕ್ಸಿಂಗ್ ಅನ್ನೋದನ್ನೇ ಪ್ರತ್ಯೇಕ ಅಪರಾಧ ಮಾಡಿ ಅಂತ ಕಾನೂನು ಆಯೋಗ ತನ್ನ 276ನೇ ವರದಿಯಲ್ಲಿ ಹೇಳಿತ್ತು. ಅದು ಬಂದಿದ್ದು 2018ರ ಜುಲೈನಲ್ಲಿ, ಮೈಸೂರಿನ ಆ ಫೈನಲ್‌ಗೆ ಒಂದು ವರ್ಷಕ್ಕೂ ಮುಂಚೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಹಣದ ಆಟಗಳನ್ನ ನಿಷೇಧಿಸಿ ಕಾಯ್ದೆ ತಂತು. ಒಳ್ಳೇದು, ಟೀ ಅಂಗಡಿ ಮುಂದಿನ ಹುಡುಗನ ಸಂಬಳ ಉಳಿಯಲಿ. ಆದರೆ ಆ ಕಾಯ್ದೆ ಹಿಡಿಯೋದು ಆ್ಯಪ್ ನಡೆಸೋರನ್ನ. ಬಾಲ್ ಮಾರಿಕೊಳ್ಳೋ ಬೌಲರ್ ಬಗ್ಗೆ ಅದರಲ್ಲಿ ಏನೂ ಇಲ್ಲ.