ಹಾಡು ಹೇಳುವುದು

ಕಳೆದ ಶ್ರಾವಣದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳು ಮನೆಗೆ ಬಂದಿದ್ದಳು. ನರ್ಸಿಂಗ್ ಓದಿ ಇಂಗ್ಲೆಂಡಿಗೆ ಹೊರಟಿರುವ ಹುಡುಗಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ಅವಳಿಗೆ 7 ಬೇಕಾಗಿತ್ತು, ಬಂದದ್ದು 6.5. ಮನೆಯಲ್ಲಿ ಸಾಲ ಮಾಡಿ ಕಟ್ಟಿದ ಶುಲ್ಕ ವ್ಯರ್ಥವಾಗಿತ್ತು. “ತಾತ, ಅವರು ಪ್ರಶ್ನೆ ಕೇಳುವುದು ಅರ್ಥವಾಗುತ್ತದೆ, ಉತ್ತರವೇ ಮುಗಿದುಹೋಗುತ್ತದೆ” ಎಂದಳು. ಅವಳು ತಂದಿದ್ದ ಅಭ್ಯಾಸದ ಹಾಳೆಯಲ್ಲಿ ಒಂದು ವಿಷಯ ಹಾಡುಗಾರಿಕೆ. ನಿನಗೆ ಹಾಡುವುದು ಇಷ್ಟವೇ? ಶಾಲೆಯಲ್ಲಿ ಹಾಡಲು ಕಲಿತಿದ್ದೆಯಾ? ಎರಡಕ್ಕೂ ಅವಳ ಉತ್ತರ ‘ನೋ’.

ನಿಮ್ಮಲ್ಲಿ ಅನೇಕರು ಈ ಪರೀಕ್ಷೆಯನ್ನು ದಾಟಿ ಹೊರದೇಶಗಳಲ್ಲಿ ನೆಲೆಸಿದ್ದೀರಿ. ಆದರೂ ಇದರ ಪೂರ್ವಚರಿತ್ರೆಯನ್ನು ಕೇಳಿರಲಾರಿರಿ. ಕೇಂಬ್ರಿಜ್ ವಿಶ್ವವಿದ್ಯಾಲಯವು ಪರದೇಶೀಯರಿಗಾಗಿ ಮೊದಲ ಇಂಗ್ಲಿಷ್ ಪರೀಕ್ಷೆಯನ್ನು ನಡೆಸಿದ್ದು 1913ರಲ್ಲಿ. ಕುಳಿತವರು ಮೂವರು, ಮೂವರೂ ಅನುತ್ತೀರ್ಣರಾದರು! ಸುಮಾರು ಹನ್ನೆರಡು ಗಂಟೆಗಳ ಆ ಪರೀಕ್ಷೆಯಲ್ಲಿ ಅನುವಾದ, ಪ್ರಬಂಧ, ಧ್ವನಿಶಾಸ್ತ್ರಗಳ ಜೊತೆಗೆ ಉಕ್ತಲೇಖನ, ಗಟ್ಟಿಯಾಗಿ ಓದುವುದು ಮತ್ತು ಸಂಭಾಷಣೆಯೂ ಇದ್ದವು. ಐಇಎಲ್‌ಟಿಎಸ್ ಬಂದದ್ದು ಬಹಳ ತಡವಾಗಿ, 1989ರಲ್ಲಿ. ಮಾತಿನ ಭಾಗವು ಈಗಿನ ರೂಪಕ್ಕೆ ತಿರುಗಿದ್ದು 2001ರಲ್ಲಿ. ಹನ್ನೊಂದರಿಂದ ಹದಿನಾಲ್ಕು ನಿಮಿಷ, ಎದುರಿಗೆ ಒಬ್ಬ ಪರೀಕ್ಷಕ. ಮೊದಲ ನಾಲ್ಕೈದು ನಿಮಿಷ ಮನೆ, ಊರು, ಹವ್ಯಾಸಗಳ ಪ್ರಶ್ನೆ, ಬಳಿಕ ಒಂದು ನಿಮಿಷ ಯೋಚಿಸಿ ಒಂದೆರಡು ನಿಮಿಷ ಮಾತನಾಡಬೇಕು, ಕೊನೆಗೆ ಚರ್ಚೆ. ಅಳೆಯುವುದು ನಿರರ್ಗಳತೆ, ಪದಸಂಪತ್ತು, ವ್ಯಾಕರಣ ಮತ್ತು ಉಚ್ಚಾರಣೆಗಳನ್ನು ಮಾತ್ರ. ಕಂಠಮಾಧುರ್ಯಕ್ಕೆ ಅಲ್ಲಿ ಅಂಕವೇ ಇಲ್ಲ. ಹಾಡು ಬಾರದೆಂದರೂ ನಷ್ಟವಿಲ್ಲ, ಏಕೆ ಬಾರದೆಂದು ಹೇಳಿದರಾಯಿತು.

ಇಷ್ಟನ್ನು ವಿವರಿಸಿದ ಮೇಲೆ, “ಮಗು, ನಿನ್ನ ಅಜ್ಜಿ ಎಷ್ಟು ಚೆನ್ನಾಗಿ ಹಾಡುತ್ತಿದ್ದರು, ಅದನ್ನೇ ಹೇಳಬಾರದೇಕೆ?” ಎಂದೆ.

“ಅಜ್ಜಿ ಹಾಡುತ್ತಿರಲಿಲ್ಲ ತಾತ, ಸೋಬಾನೆ ಹೇಳುತ್ತಿದ್ದರು” ಎಂದು ಆ ಹುಡುಗಿ ನನ್ನನ್ನೇ ತಿದ್ದಿದಳು.

ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಅವಳ ‘ನೋ’ ಎಲ್ಲಿಂದ ಬಂದಿತೆಂಬುದು ಆಗ ತಿಳಿಯಿತು. ನಮ್ಮ ಸೀಮೆಯಲ್ಲಿ ಹಾಡನ್ನು ‘ಹೇಳುತ್ತೇವೆ’. ಹಸೆಯ ಮುಂದೆ ಸೋಬಾನೆ ಹೇಳುತ್ತೇವೆ, ರಾಗಿ ಬೀಸುವಾಗ ಪದ ಹೇಳುತ್ತೇವೆ. ಕುಮಾರವ್ಯಾಸನ ಭಾರತವನ್ನು ರಾಗವಾಗಿ ‘ಓದುತ್ತೇವೆ’, ಶನಿವಾರ ಭಜನೆ ‘ಮಾಡುತ್ತೇವೆ’. ಇಂಗ್ಲಿಷಿನವರ ‘ಸಿಂಗ್’ ಎಂಬ ಒಂದೇ ಕ್ರಿಯಾಪದದೊಳಗೆ ಇವೆಲ್ಲವೂ ಅಡಗುತ್ತವೆ. ಅವಳ ಮನಸ್ಸಿನಲ್ಲಿ ಆ ಪದಕ್ಕೆ ಇದ್ದುದು ಹಾರ್ಮೋನಿಯಂ ಮತ್ತು ಸಂಗೀತದ ಟೀಚರು ಮಾತ್ರ. ‘ಐ ಸೇ ಸಾಂಗ್’ ಎಂದು ಬರೆದ ಎಷ್ಟೋ ಮಕ್ಕಳ ಪುಸ್ತಕಗಳಲ್ಲಿ ನಾನೇ ಕೆಂಪು ಗೆರೆ ಎಳೆದಿದ್ದೇನೆ. ವ್ಯಾಕರಣದ ದೃಷ್ಟಿಯಿಂದ ಅದು ಸರಿಯೇ. ಆದರೆ ತಪ್ಪು ಹುಟ್ಟಿದ್ದೆಲ್ಲಿ ಎಂದು ಒಮ್ಮೆಯೂ ವಿವರಿಸಲಿಲ್ಲ.

ವಿಚಿತ್ರವೆಂದರೆ, ಈ ‘ಹೇಳುವ’ ಹಾಡುಗಳನ್ನು ಮೊದಮೊದಲು ಆಸ್ಥೆಯಿಂದ ಅಚ್ಚಿಗೆ ಇಳಿಸಿದವರಲ್ಲಿ ಇಂಗ್ಲಿಷರೂ ಇದ್ದರು. ಚಾರ್ಲ್ಸ್ ಗೋವರ್ 1871ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜನಪದ ಗೀತೆಗಳ ಸಂಕಲನದಲ್ಲಿ ನಮ್ಮ ದಾಸರ ಪದಗಳ ಅನುವಾದಗಳಿವೆ. ಶಾಸನಗಳ ವಿದ್ವಾಂಸ ಜೆ. ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನದೂ ಹಲಗಲಿಯ ಬೇಡರದೂ ಅವುಗಳಲ್ಲಿವೆ. ಎರಡೂ ಅವನ ಸರ್ಕಾರಕ್ಕೆ ತಿರುಗಿಬಿದ್ದವರ ಕಥೆಗಳೇ! ಹೆಂಗಸರ ಹಾಡುಗಳಿಗೆ ನಮ್ಮವರಿಂದಲೇ ಗೌರವ ದೊರೆಯಲು 1931ರವರೆಗೆ ಕಾಯಬೇಕಾಯಿತು. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಹೊರತಂದದ್ದು ಆ ವರ್ಷ.

ಇನ್ನು ಶಾಲೆಯ ಪ್ರಶ್ನೆ. ಮೈಸೂರು ಸಂಸ್ಥಾನದ ಕಾಲದ ಮಕ್ಕಳು ಬಸವಪ್ಪ ಶಾಸ್ತ್ರಿಗಳ ‘ಕಾಯೌ ಶ್ರೀ ಗೌರಿ’ಯನ್ನು ಹಾಡಿದರು. ಕುವೆಂಪು ಅವರ ಗೀತೆ 2004ರಲ್ಲಿ ಅಧಿಕೃತ ನಾಡಗೀತೆಯಾಯಿತು. ಅದನ್ನು ಎರಡೂವರೆ ನಿಮಿಷಗಳಲ್ಲಿ ಹಾಡಬೇಕೆಂದು 2022ರಲ್ಲಿ ನಿಗದಿಯಾಯಿತು. ಹತ್ತು ವರ್ಷ ದಿನವೂ ಬೆಳಿಗ್ಗೆ ನಾಡಗೀತೆ ಹಾಡಿದ ಹುಡುಗಿ ‘ಶಾಲೆಯಲ್ಲಿ ಹಾಡಲಿಲ್ಲ’ ಎನ್ನುತ್ತಿದ್ದಾಳಲ್ಲ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

“ನಾನು ಬಾಯಿ ಆಡಿಸುತ್ತಿದ್ದೆ ಅಷ್ಟೇ ತಾತ. ನಮ್ಮ ಮನೆಯವರಿಗೆ ಹಾಡು ಬರುವುದಿಲ್ಲವಂತೆ. ಅಮ್ಮನಿಗೆ ನೀವೇ ಹೇಳಿದ್ದಿರಂತೆ.”

1991ರ ಆಗಸ್ಟ್. ಸ್ವಾತಂತ್ರ್ಯ ದಿನಾಚರಣೆಗೆ ತಾಲ್ಲೂಕಿನ ಅಧಿಕಾರಿಗಳು ಬರುವವರಿದ್ದರು. ಪ್ರಾರ್ಥನೆಯ ತಂಡದಲ್ಲಿ ಒಂದು ಧ್ವನಿ ದಪ್ಪವಾಗಿ, ಉಳಿದವರಿಗಿಂತ ಒಂದು ಹೆಜ್ಜೆ ಹಿಂದೆ ಬರುತ್ತಿತ್ತು. “ನೀನು ಬಾಯಿ ಮಾತ್ರ ಆಡಿಸಮ್ಮ, ಧ್ವನಿ ತೆಗೆಯಬೇಡ” ಎಂದು ಎಲ್ಲರ ಮುಂದೆ ಹೇಳಿದವನು ನಾನೇ. ಆ ಸಂಜೆಯೇ ಮರೆತೆ. ಅವಳು ಮರೆಯಲಿಲ್ಲ. ಅಜ್ಜಿಯ ಸೋಬಾನೆ ಮಗಳಿಗೆ ದಾಟದೆ ನಿಂತದ್ದು ಅಲ್ಲಿಯೇ ಇರಬೇಕು.

ಆ ಹುಡುಗಿಗೆ ಬೇರೆ ಪಾಠವನ್ನೇನೂ ಮಾಡಲಿಲ್ಲ. ‘ಈಗ ಹೇಳಿದೆಯಲ್ಲ, ಅದನ್ನೇ ಇಂಗ್ಲಿಷಿನಲ್ಲಿ ಹೇಳು’ ಎಂದೆ. ಅಜ್ಜಿ, ಹಸೆ, ಅಮ್ಮನ ಮೌನ, ತನ್ನ ಮೌನ ಎಲ್ಲವನ್ನೂ ಹೇಳಿದಳು. ಗಡಿಯಾರ ನೋಡಿದೆ, ಎರಡು ನಿಮಿಷ ಮೀರಿತ್ತು. ಕ್ರಿಯಾಪದಗಳು ಅಲ್ಲಲ್ಲಿ ತಪ್ಪಿದವು. ಮಾತು ಮಾತ್ರ ಎಲ್ಲಿಯೂ ನಿಲ್ಲಲಿಲ್ಲ.

ಪರೀಕ್ಷೆಯಲ್ಲಿ ಹಾಡಿನ ಪ್ರಶ್ನೆಯೇ ಬರಲಿಲ್ಲವಂತೆ. ಮಳೆಯ ಬಗ್ಗೆ ಕೇಳಿದರಂತೆ. 7 ಬಂದಿದೆ. ಮುಂದಿನ ತಿಂಗಳು ಹೊರಡುತ್ತಾಳೆ.

ಅವಳ ತಾಯಿ ಈ ಪುಟವನ್ನು ಓದುತ್ತಾಳೆಂದು ಬಲ್ಲೆ. ಅಮ್ಮಾ, ಮಗಳನ್ನು ಕಳುಹಿಸುವ ಮುನ್ನ ಒಮ್ಮೆ ನಮ್ಮ ಮನೆಗೆ ಬಾ. ನಿನ್ನ ತಾಯಿ ಹೇಳುತ್ತಿದ್ದ ಸೋಬಾನೆಯಲ್ಲಿ ನಿನಗೆ ಎಷ್ಟು ನೆನಪಿದೆಯೋ ಅಷ್ಟನ್ನು ಹೇಳು. ಈ ಸಲ ಧ್ವನಿ ತೆಗೆದೇ ಹೇಳು.