ಸತ್ತವರ ಮನೆಯ ಬಂದೂಕುಗಳು

ಹದಿನೆಂಟನೆಯ ಶತಮಾನದ ಅಮೆರಿಕದಲ್ಲಿ ಆಸ್ತಿವಂತ ರೈತನೊಬ್ಬ ತೀರಿಕೊಂಡರೆ, ನೆರೆಹೊರೆಯ ಇಬ್ಬರು ಮೂವರು ಬಂದು ಅವನ ಮನೆಯ ಸಾಮಾನುಗಳ ಪಟ್ಟಿ ಮಾಡುತ್ತಿದ್ದರು. ಹಸು, ನೇಗಿಲು, ಹಾಸಿಗೆ, ತಟ್ಟೆ, ಬೈಬಲ್, ಬಂದೂಕು. ಒಂದೊಂದರ ಎದುರಿಗೂ ಅದರ ಬೆಲೆ. ಸಾಲ ತೀರಿಸಲು, ಆಸ್ತಿ ಹಂಚಲು ನ್ಯಾಯಾಲಯಕ್ಕೆ ಹೋಗುತ್ತಿದ್ದ ಈ ಪಟ್ಟಿಗಳು ಇನ್ನೂರು ವರ್ಷಗಳ ನಂತರ ವಿದ್ವಾಂಸರ ನಡುವೆ ದೊಡ್ಡ ಜಗಳಕ್ಕೆ ಕಾರಣವಾದವು.

ಜಗಳದ ಬೇರು ಇರುವುದು ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿಯಲ್ಲಿ. 1791ರಲ್ಲಿ ಅಂಗೀಕಾರವಾದ ಈ ತಿದ್ದುಪಡಿ ಒಂದೇ ಒಂದು ವಾಕ್ಯ. ಅದರ ಮೊದಲ ಭಾಗದಲ್ಲಿ ಮಿಲಿಷಿಯಾದ, ಅಂದರೆ ಊರಿನ ಗಂಡಸರೇ ಸೇರಿ ಕಟ್ಟುತ್ತಿದ್ದ ಪಡೆಯ ಮಾತಿದೆ. ಎರಡನೆಯದರಲ್ಲಿ ಆಯುಧ ಹೊಂದುವ ಜನರ ಹಕ್ಕಿನ ಮಾತಿದೆ. ಹಕ್ಕು ಮಿಲಿಷಿಯಾದ ಸೇವೆಗೆ ಅಂಟಿಕೊಂಡದ್ದು ಎನ್ನುವವರು ಮೊದಲ ಭಾಗವನ್ನು ಹಿಡಿಯುತ್ತಾರೆ, ಪ್ರತಿ ವ್ಯಕ್ತಿಯದೂ ಎನ್ನುವವರು ಎರಡನೆಯದನ್ನು.

2000ದಲ್ಲಿ ಎಮೊರಿ ವಿಶ್ವವಿದ್ಯಾಲಯದ ಇತಿಹಾಸಕಾರ ಮೈಕಲ್ ಬೆಲೀಲ್ 'ಆರ್ಮಿಂಗ್ ಅಮೆರಿಕ' ಎಂಬ ಪುಸ್ತಕ ಪ್ರಕಟಿಸಿದರು. ಸಂವಿಧಾನ ರೂಪುಗೊಂಡ ಕಾಲದಲ್ಲಿ ಬಂದೂಕು ಅಪರೂಪವಾಗಿತ್ತು, ಅದರ ಮೋಹ ಹುಟ್ಟಿದ್ದು ಮುಂದೆ ಬಂದ ಕಾರ್ಖಾನೆಗಳಿಂದ ಮತ್ತು 1861–65ರ ಅಂತರ್ಯುದ್ಧದಿಂದ ಎಂಬುದು ಅವರ ವಾದ. ಗಡಿನಾಡಿನ ಸಾವಿರಕ್ಕೂ ಹೆಚ್ಚು ಆಸ್ತಿ ಪಟ್ಟಿಗಳನ್ನು ನೋಡಿದೆ, 1765ರಿಂದ 1790ರ ನಡುವೆ ಶೇಕಡಾ 14ರಷ್ಟರಲ್ಲಿ ಮಾತ್ರ ಬಂದೂಕುಗಳಿದ್ದವು, ಅವುಗಳಲ್ಲೂ ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದವು ಎಂದು ಅವರು ಬರೆದರು. 2001ರಲ್ಲಿ ಪುಸ್ತಕಕ್ಕೆ ಪ್ರತಿಷ್ಠಿತ ಬ್ಯಾಂಕ್ರಾಫ್ಟ್ ಪ್ರಶಸ್ತಿ ಬಂತು.

ಬಂದೂಕು ನಿಯಂತ್ರಣ ಬೇಕು ಎನ್ನುವವರಿಗೆ ಇದು ಕೇಳಬೇಕೆಂದಿದ್ದ ಮಾತೇ ಆಗಿತ್ತು. ನನ್ನ ಒಲವೂ ಆ ಕಡೆಗೇ. ಪುಸ್ತಕ ನಿಜವಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನನಗೂ ಅನ್ನಿಸಿದ್ದುಂಟು. ಅಡಿಟಿಪ್ಪಣಿಗಳನ್ನು ತೆರೆದು ನೋಡದಿರುವಂತೆ ಮಾಡುವುದು ಇಂಥ ಆಸೆಯೇ.

ತೆರೆದು ನೋಡಿದವರಲ್ಲಿ ಮೊದಲಿಗರು ಕ್ಲೇಟನ್ ಕ್ರೇಮರ್. ವೃತ್ತಿಯಿಂದ ಸಾಫ್ಟ್‌ವೇರ್ ಇಂಜಿನಿಯರ್, ನಿಲುವಿನಿಂದ ಬಂದೂಕು ಹಕ್ಕಿನ ಸಮರ್ಥಕರು. ಪಕ್ಷಪಾತಿ ಎಂದು ಅವರನ್ನು ಬದಿಗೆ ಸರಿಸುವುದು ಸುಲಭವಿತ್ತು. ಆದರೆ ಕಾನೂನು ಪ್ರಾಧ್ಯಾಪಕ ಜೇಮ್ಸ್ ಲಿಂಡ್‌ಗ್ರೆನ್ ಮತ್ತು ಜಸ್ಟಿನ್ ಹೀದರ್ ದಾಖಲೆಗಳನ್ನೇ ಮತ್ತೆ ಎಣಿಸಿದರು. ಪ್ರಾವಿಡೆನ್ಸ್ ಪಟ್ಟಣದಲ್ಲಿ ಬೆಲೀಲ್ ಓದಿದೆನೆಂದ ಉಯಿಲುಗಳಲ್ಲಿ ಸುಮಾರು ನೂರು ಇರಲೇ ಇಲ್ಲ. ಆ ಜನ ಉಯಿಲು ಬರೆಯದೆಯೇ ಸತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನೋಡಿದೆನೆಂದ ದಾಖಲೆಗಳು 1906ರ ಭೂಕಂಪ ಮತ್ತು ಬೆಂಕಿಯಲ್ಲಿ ನಾಶವಾಗಿದ್ದವು. ಲಿಂಡ್‌ಗ್ರೆನ್ ಮತ್ತು ಹೀದರ್ ಪರಿಶೀಲಿಸಿದ ಎಂಟು ದತ್ತಾಂಶ ಸಂಗ್ರಹಗಳಲ್ಲಿ ಗಂಡಸರ ಆಸ್ತಿ ಪಟ್ಟಿಗಳ ಶೇಕಡಾ 50ರಿಂದ 73ರವರೆಗೆ ಬಂದೂಕುಗಳಿದ್ದವು.

ಟಿಪ್ಪಣಿಗಳೆಲ್ಲ ಕಚೇರಿಗೆ ನೀರು ನುಗ್ಗಿ ಹಾಳಾದವು ಎಂದರು ಬೆಲೀಲ್. ತಪ್ಪುಗಳಾಗಿವೆ ಎಂದು ಒಪ್ಪಿದರು, ಮೋಸ ಮಾಡಿಲ್ಲ ಎಂದರು. ವಿಶ್ವವಿದ್ಯಾಲಯ ನೇಮಿಸಿದ ಮೂವರು ಹೊರಗಿನ ವಿದ್ವಾಂಸರ ಸಮಿತಿ ಅವರ ವಿದ್ವತ್ತಿನ ಪ್ರಾಮಾಣಿಕತೆಯ ಬಗ್ಗೆಯೇ ಗಂಭೀರ ಪ್ರಶ್ನೆ ಎತ್ತಿತು. 2002ರಲ್ಲಿ ಅವರು ಹುದ್ದೆಗೆ ರಾಜೀನಾಮೆ ಕೊಟ್ಟರು. ಅದೇ ಡಿಸೆಂಬರ್‌ನಲ್ಲಿ ಪ್ರಶಸ್ತಿಯನ್ನೂ ಹಿಂದಕ್ಕೆ ಪಡೆಯಲಾಯಿತು.

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಂಡರೆ ಎರಡನೇ ತಪ್ಪಾಗುತ್ತದೆ. ಬಂದೂಕುಗಳು ಹೆಚ್ಚಿದ್ದವು ಎಂದು ಸಾಬೀತಾದರೆ, ಅವುಗಳ ಮೇಲೆ ಯಾವ ಕಟ್ಟುಪಾಡೂ ಇರಲಿಲ್ಲ ಎಂದು ಸಾಬೀತಾದಂತಲ್ಲ. 1783ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಒಂದು ಕಾನೂನು ತಂದು, ಬಾಸ್ಟನ್ನಿನಲ್ಲಿ ಮದ್ದು ತುಂಬಿದ ಬಂದೂಕನ್ನು ಮನೆಯೊಳಗೆ ಇಡುವುದನ್ನು ನಿಷೇಧಿಸಿತು. ಬೆಂಕಿಯ ಭಯ ಅದಕ್ಕೆ ಕಾರಣ. ಬಂದೂಕು ಅಪರೂಪವಾಗಿದ್ದ ಊರಿಗೆ ಇಂಥ ಕಾನೂನು ಏಕೆ ಬೇಕು? ಬಂದೂಕೂ ಇತ್ತು, ನಿಯಂತ್ರಣವೂ ಇತ್ತು. ನಿಯಂತ್ರಣದ ಪರ ವಾದಿಸಲು ಈ ಒಂದು ಕಾನೂನು ಬೆಲೀಲ್ ಕೊಟ್ಟ ಅಂಕಿಗಳಿಗಿಂತ ಗಟ್ಟಿಯಾದ ಆಧಾರ. ಎದುರು ಪಕ್ಷದ ಎಣಿಕೆಯನ್ನು ಒಪ್ಪಿಕೊಂಡೂ ಈ ವಾದ ನಿಲ್ಲುತ್ತದೆ.

ಇದು ಬರೀ ಪಂಡಿತರ ಜಗಳವಾಗಿ ಉಳಿದಿಲ್ಲ. 2008ರ ಹೆಲ್ಲರ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಬಂದೂಕನ್ನು ವ್ಯಕ್ತಿಯ ಹಕ್ಕೆಂದು ಒಪ್ಪಿತು. ಇತಿಹಾಸದಲ್ಲಿ ಬೇರಿರುವ ಬಂದೂಕು ಕಾನೂನುಗಳು ಮಾತ್ರ ನಿಲ್ಲಬಲ್ಲವು ಎಂದು 2022ರ ಬ್ರೂಯೆನ್ ತೀರ್ಪು ಹೇಳಿತು. 2024ರಲ್ಲಿ ರಹೀಮಿ ಪ್ರಕರಣ ಬಂತು. ಕೌಟುಂಬಿಕ ಹಿಂಸೆಯ ಕಾರಣಕ್ಕೆ ನ್ಯಾಯಾಲಯದ ನಿರ್ಬಂಧಕ್ಕೆ ಒಳಗಾದವನ ಕೈಯಿಂದ ಬಂದೂಕನ್ನು ದೂರವಿಡಬಹುದೇ ಎಂಬ ಪ್ರಶ್ನೆಗೂ ಹಳೆಯ ಕಾನೂನುಗಳನ್ನೇ ಕೆದಕಬೇಕಾಯಿತು. ಇಡಬಹುದು ಎಂದು ನ್ಯಾಯಾಲಯ 8–1ರಿಂದ ಹೇಳಿತು. ಒಬ್ಬ ಹೆಂಗಸಿನ ಜೀವದ ಪ್ರಶ್ನೆ ಇನ್ನೂರು ವರ್ಷ ಹಿಂದಿನ ಕಾಗದಗಳ ಮೇಲೆ ನಿಂತಿರುವಾಗ, ಆ ಕಾಗದಗಳನ್ನು ಯಾರು ಹೇಗೆ ಓದಿದರು ಎಂಬುದು ಸಣ್ಣ ವಿಷಯವಲ್ಲ.

ಸಂಶೋಧನೆಗೆ ಇಳಿದ ನಾವು 'ಪ್ರತಿವಾದ' ಎಂಬ ಅಧ್ಯಾಯದಲ್ಲಿ ಸಾಮಾನ್ಯವಾಗಿ ಎದುರಿನವರ ದುರ್ಬಲ ಮಾತುಗಳನ್ನೇ ಆರಿಸಿ ಹೊಡೆದುಹಾಕುತ್ತೇವೆ. ಬೆಲೀಲ್ ಪ್ರಕರಣ ಓದಿದ ಮೇಲೆ ನಾನು ಬೇರೆ ಅಭ್ಯಾಸ ಇಟ್ಟುಕೊಂಡಿದ್ದೇನೆ. ನನಗೆ ತುಂಬಾ ಇಷ್ಟವಾದ ಅಂಕಿಯ ಮೂಲವನ್ನು ಮೊದಲು ಹುಡುಕಿ ನೋಡುತ್ತೇನೆ. ನನ್ನನ್ನು ಒಪ್ಪದ ಗೆಳೆಯರಿಗೆ ಅಡಿಟಿಪ್ಪಣಿಗಳನ್ನು ಕೊಟ್ಟು ಓದಿಸುತ್ತೇನೆ.