ಭೀಮಾ ದಂಡೆಯ ಸುಲ್ತಾನ ಓದಿದ ಬೈಬಲ್

ಆಳಂದ, ಅಫಜಲಪುರ, ಜೇವರ್ಗಿ ಕಡೆ ಇಬ್ರಾಹಿಂ, ಮೂಸಾ, ದಾವೂದ್, ಮರಿಯಂ ಎಂಬ ಹೆಸರುಗಳನ್ನು ನಾವೆಲ್ಲ ಕೇಳಿದ್ದೇವೆ. ಬೈಬಲ್‌ನಲ್ಲಿ ಇವರೇ ಅಬ್ರಹಾಮ, ಮೋಶೆ, ದಾವೀದ, ಮರಿಯ.

ಮೂಸಾರಿಗೆ ತೌರಾತ್, ದಾವೂದರಿಗೆ ಜಬೂರ್, ಈಸಾ ಅಂದರೆ ಯೇಸುವಿಗೆ ಇಂಜೀಲ್ ಕೊಟ್ಟವನು ದೇವರೇ ಎನ್ನುತ್ತದೆ ಕುರಾನ್. ಅದಕ್ಕೇ ಯಹೂದಿಗಳಿಗೂ ಕ್ರೈಸ್ತರಿಗೂ ಇಸ್ಲಾಂನಲ್ಲಿ ‘ಅಹ್ಲೆ ಕಿತಾಬ್’, ಗ್ರಂಥ ಪಡೆದವರು ಎಂಬ ಹೆಸರು. ಅವರ ಊಟ ಉಣ್ಣಲು, ಅವರಿಂದ ಹೆಣ್ಣು ತರಲು ಕುರಾನ್ ಒಪ್ಪುತ್ತದೆ.

ಭೇದವೂ ಇದೆ. ಇಸ್ಲಾಂಗೆ ಯೇಸು ಪ್ರವಾದಿ, ದೇವರ ಮಗನಲ್ಲ. ಹಳೆಯ ಗ್ರಂಥಗಳು ಬರಬರುತ್ತ ಬದಲಾದವು, ಕುರಾನೇ ಕೊನೆಯದು ಎಂಬುದು ಮುಸ್ಲಿಮರ ನಂಬಿಕೆ.

ಈ ನಂಬಿಕೆ ಇಟ್ಟುಕೊಂಡೇ ಆ ಗ್ರಂಥಗಳನ್ನು ಓದಿದವನೊಬ್ಬ ನಮ್ಮಲ್ಲೇ ಇದ್ದ. ಕಲಬುರಗಿಯ ಬಹಮನಿ ಸುಲ್ತಾನ ಫಿರೋಜ್ ಷಾ 1397ರಿಂದ 1422ರವರೆಗೆ ಆಳಿದ. ಜೇವರ್ಗಿ ಕಡೆ ಹೋಗುವಾಗ ಭೀಮಾ ದಂಡೆಯಲ್ಲಿ ಕಾಣುವ ಫಿರೋಜಾಬಾದ್ ಹಾಳುಕೋಟೆ ಅವನು ಕಟ್ಟಿಸಿದ್ದು. ಕುರಾನನ್ನು ಕೈಯಾರೆ ನಕಲು ಮಾಡುತ್ತಿದ್ದ ಈತ ತೌರಾತ್, ಇಂಜೀಲನ್ನೂ ಓದುತ್ತಿದ್ದ ಎಂದು ಸುಮಾರು 200 ವರ್ಷಗಳ ನಂತರ ವಿಜಯಪುರದಲ್ಲಿ ಕೂತು ಇತಿಹಾಸ ಬರೆದ ಫೆರಿಷ್ತಾ ಹೇಳುತ್ತಾನೆ.

ಬೇರೆಯವರ ಗ್ರಂಥ ಮುಟ್ಟಿದರೆ ನಂಬಿಕೆ ಕೆಡುತ್ತದೆ ಎನ್ನುವವರಿಗೆ ನಾವು ಈ ಸುಲ್ತಾನನ ಹೆಸರು ಹೇಳುತ್ತೇವೆ.